ಮೋರ್ಟನ್‌ನಿಂದ ಸ್ಟೋವಿಗೆ: ಒಂದು ಕಾಲುದಾರಿಯ ಚರಿತ್ರೆ

೧. ಪೀಠಿಕೆ

ದೇಶಚರಿತ್ರೆಯ ಸಾಧನಗಳೆಂದರೆ ಶಾಸನ, ನಾಣ್ಯ, ಕಡತ, ಕಟ್ಟಡ ಇವೇ ಎಂದು ಎಣಿಸುವುದು ವಾಡಿಕೆ. ದಾರಿಗಳನ್ನು ಈ ಗಣನೆಯಲ್ಲಿ ಸೇರಿಸಿಕೊಳ್ಳುವವರು ವಿರಳ. ಸೈನ್ಯಗಳು ನಡೆದ ರಾಜಮಾರ್ಗಗಳ ವಿಷಯದಲ್ಲಿ ಅಷ್ಟಿಷ್ಟು ವಿಚಾರ ನಡೆದಿರುವುದಾದರೂ, ಹೊಲದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲವಾಗಿ ಊರಿನಿಂದ ಊರಿಗೆ ಹಾಯುವ ಕಾಲುದಾರಿಗೆ ಚರಿತ್ರಕಾರನ ಮನ್ನಣೆ ದೊರೆಯುವುದು ಅಪರೂಪವೇ ಸರಿ. ಕಾಲುದಾರಿಯನ್ನು ಯಾವ ಅರಸನೂ ಹಾಕಿಸಿದವನಲ್ಲ. ಅದಕ್ಕೆ ಅಡಿಗಲ್ಲೂ ಇಲ್ಲ, ಬಿರುದೂ ಇಲ್ಲ. ಜನರು ನಡೆದುದೇ ಅದರ ನಿರ್ಮಾಣ. ನಡೆಯುವುದನ್ನು ಬಿಟ್ಟರೆ ಅದೇ ಅದರ ನಾಶ.

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಈಶಾನ್ಯ ಭಾಗದಲ್ಲಿ, ಕಾಟ್ಸ್‌ವೋಲ್ಡ್ ಎಂಬ ಸುಣ್ಣಕಲ್ಲಿನ ಗುಡ್ಡಸೀಮೆಯ ಅಂಚಿನಲ್ಲಿ, ಮೋರ್ಟನ್-ಇನ್-ಮಾರ್ಷ್ ಮತ್ತು ಸ್ಟೋ-ಆನ್-ದಿ-ವೋಲ್ಡ್ ಎಂಬ ಎರಡು ಸಣ್ಣ ಪೇಟೆಯೂರುಗಳಿವೆ. ಹೆದ್ದಾರಿಯಲ್ಲಿ ಇವುಗಳ ನಡುವಣ ಅಂತರ ನಾಲ್ಕು ಮೈಲಿಗೆ ತುಸು ಮಿಕ್ಕು. ಆದರೆ ಬೂರ್ಟನ್-ಆನ್-ದಿ-ಹಿಲ್, ಸೀಜಿನ್‌ಕೋಟ್, ಲಾಂಗ್‌ಬರೋ, ಡಾನಿಂಗ್ಟನ್ ಎಂಬ ಸ್ಥಳಗಳನ್ನು ಹಾದು ಹೊಲಗಾವಲುಗಳ ನಡುವೆ ಬಳಸಿಕೊಂಡು ಹೋಗುವ ಕಾಲುದಾರಿಯನ್ನು ಹಿಡಿದರೆ ಸುಮಾರು ಏಳೆಂಟು ಮೈಲಿಯಾಗುವುದು. ಈ ಏಳೆಂಟು ಮೈಲಿಗಳಲ್ಲಿ ರೋಮನರ ಮಾರ್ಗ, ಮಧ್ಯಯುಗದ ನೇಗಿಲಸಾಲು, ಬರಿದಾದ ಹಳ್ಳಿ, ಭಾರತದಿಂದ ಸಾಗಿಬಂದ ಸಂಪತ್ತು, ಅಂತರ್ಯುದ್ಧದ ರಣಭೂಮಿ ಇವೆಲ್ಲವೂ ಒಂದರ ಪಕ್ಕದಲ್ಲೊಂದು ಕಾಣದೊರೆಯುತ್ತವೆ. ಅವನ್ನು ಕ್ರಮವಾಗಿ ಪರಿಶೀಲಿಸಿ, ಅಂಗುಲ ನೆಲವೂ ಒಡೆಯರ ಕೈಸೇರಿರುವ ಆ ದೇಶದಲ್ಲಿ ಒಡೆತನವಿಲ್ಲದವನ ಈ ದಾರಿಯು ಹೇಗೆ ಉಳಿದುಬಂದಿತೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಪ್ರಕೃತ ಲೇಖನದ ಉದ್ದೇಶ.

೨. ಮೋರ್ಟನ್ ಮತ್ತು ಫಾಸ್ ಮಾರ್ಗ

ಮೋರ್ಟನ್ ಊರಿನ ಹಿರಿಯ ಬೀದಿಯು ಅಸಾಧಾರಣವಾಗಿ ಅಗಲವಾದುದು, ಬಾಣದಂತೆ ನೆಟ್ಟಗಿರುವುದು. ಈ ನೇರಕ್ಕೆ ಕಾರಣವೇನೆಂದರೆ, ಅದು ರೋಮನರ ಫಾಸ್ ಮಾರ್ಗದ ಒಂದು ತುಂಡು. ಕ್ರಿ. ಶ. ೪೩ ರಲ್ಲಿ ಚಕ್ರವರ್ತಿ ಕ್ಲಾಡಿಯಸನ ಸೈನ್ಯವು ಬ್ರಿಟನ್ನಿನಲ್ಲಿ ಕಾಲಿಟ್ಟಿತು. ಅನಂತರದ ಕೆಲವೇ ವರ್ಷಗಳಲ್ಲಿ ನೈರುತ್ಯದ ಎಕ್ಸೆಟರ್‌ನಿಂದ ಬಾತ್, ಸೈರನ್‌ಸೆಸ್ಟರ್, ಲೆಸ್ಟರ್‌ಗಳ ಮೂಲಕ ಈಶಾನ್ಯದ ಲಿಂಕನ್ನಿನವರೆಗೆ ಈ ಮಾರ್ಗವು ಸಿದ್ಧವಾಯಿತು. ಇದರ ಉದ್ದ ಇನ್ನೂರು ಮೈಲಿಗೂ ಹೆಚ್ಚು. ಇಷ್ಟು ದೂರ ಹರಿದರೂ ಎರಡು ತುದಿಗಳನ್ನು ಕೂಡಿಸುವ ಸರಳರೇಖೆಯಿಂದ ಅದು ಕೆಲವೇ ಮೈಲಿಗಳಷ್ಟು ಮಾತ್ರ ಓಸರಿಸುವುದು. ಹೆಸರಿಗೆ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಕಂದಕವೆಂದು ಅರ್ಥ. ಈ ಮಾರ್ಗವೇ ಮೊದಲಿಗೆ ರೋಮನ್ ರಾಜ್ಯದ ಗಡಿಯಾಗಿದ್ದಿತೆಂದು ಹಿಂದಿನ ವಿದ್ವಾಂಸರು ಎಣಿಸಿದ್ದರು. ಗಡಿಯೆಂಬುದು ಒಂದು ಗೀಟಲ್ಲ, ಅಗಲವಾದ ಸೀಮೆ. ಈ ದಾರಿಯು ಆ ಸೀಮೆಯೊಳಗಿನ ದಂಡುಗಳನ್ನು ಕೂಡಿಸುತ್ತಿದ್ದ ಸಂಚಾರಮಾರ್ಗ ಎಂಬುದು ಈಚಿನವರು ಹೆಚ್ಚಾಗಿ ಒಪ್ಪುವ ಅಭಿಪ್ರಾಯ.

ರೋಮನರು ಹೋದ ಮೇಲೂ ದಾರಿಯು ಅಳಿಯಲಿಲ್ಲ. ಆಂಗ್ಲೋ-ಸ್ಯಾಕ್ಸನ್ ಕಾಲದ ದಾನಪತ್ರಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಫಾಸ್ ಮಾರ್ಗದ ಹೆಸರನ್ನು ಎತ್ತುವುದುಂಟು. ನಮ್ಮ ದಾನಶಾಸನಗಳಲ್ಲಿ ಎಲ್ಲೆಯನ್ನು ನಿರ್ದೇಶಿಸುವಾಗ ಹಳ್ಳ, ಹುತ್ತ, ನಟ್ಟ ಕಲ್ಲು, ಪೆರ್ವಟ್ಟೆ ಎಂದು ಸುತ್ತಿಬರುವ ಕ್ರಮವನ್ನು ಬಲ್ಲವರಿಗೆ ಈ ಪದ್ಧತಿಯು ಹೊಸದಾಗಿ ತೋರದು. ಎರಡು ಕಡೆಗಳಲ್ಲಿಯೂ ದಾನ ಕೊಟ್ಟವನು ದಾರಿಯನ್ನು ಸೃಷ್ಟಿಸಿದವನಲ್ಲ; ಮೊದಲೇ ಇದ್ದ ದಾರಿಯನ್ನು ಸಾಕ್ಷಿಗೆ ಕರೆದವನು.

ಈಗಿನ ಪೇಟೆಯು ೧೩ ನೆಯ ಶತಮಾನದ ಪೂರ್ವಾರ್ಧದಲ್ಲಿ ಹುಟ್ಟಿತು. ಆ ನೆಲವು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಠಕ್ಕೆ ಸೇರಿದ್ದಿತು. ಹಳೆಯ ಮೋರ್ಟನ್ ಹಳ್ಳಿಯು ದಾರಿಯಿಂದ ಸ್ವಲ್ಪ ದೂರದಲ್ಲಿದ್ದುದರಿಂದ ಮಠದವರು ಫಾಸ್ ಮಾರ್ಗದ ಎರಡು ಮಗ್ಗುಲಿಗೂ ನಿವೇಶನಗಳನ್ನು ಗೀಟಿ, ದಾರಿಯನ್ನೇ ಸಂತೆಯ ಬಯಲಾಗಿ ಅಗಲಿಸಿ, ಹೊಸ ಪೇಟೆಯನ್ನು ಕಟ್ಟಿಸಿದರು. ಹಾದುಹೋಗುವವನನ್ನು ನಿಲ್ಲಿಸಿ ಸುಂಕ ಪಡೆಯುವ ಯುಕ್ತಿ ಇದು. ಮಂಗಳವಾರದ ಸಂತೆಯು ಇಂದಿಗೂ ಅಲ್ಲಿ ಕೂಡುತ್ತದೆ. ಬೀದಿಯ ಅಂಚಿನಲ್ಲಿ ೧೬ ನೆಯ ಶತಮಾನದ ಒಂದು ಪುಟ್ಟ ಗಂಟೆಗೋಪುರವಿದೆ. ಅದರ ಗಂಟೆಯ ಮೇಲೆ ೧೬೩೩ ಎಂದು ಕೆತ್ತಿದೆ. ರಾತ್ರಿ ಬೆಂಕಿಯಾರಿಸಲು ಎಚ್ಚರಿಕೆಯಾಗಿ ಬಾರಿಸುತ್ತಿದ್ದ ಈ ಗಂಟೆಯು ೧೮೬೦ ರ ವರೆಗೂ ಕೇಳಿಬರುತ್ತಿದ್ದಿತು.

ದಾರಿಯ ಚರಿತ್ರೆಯಲ್ಲಿ ಮೋರ್ಟನ್ನಿಗೆ ಮತ್ತೊಂದು ಸ್ಥಾನವುಂಟು. ೧೮೨೬ ರಲ್ಲಿ ಸ್ಟ್ರಾಟ್‌ಫರ್ಡ್‌ನಿಂದ ಇಲ್ಲಿಗೆ ಸುಮಾರು ೧೬ ಮೈಲಿಗಳ ಕಬ್ಬಿಣದ ಹಳಿಯ ದಾರಿಯು ತೆರೆಯಿತು. ಅದರ ಮೇಲೆ ಬಂಡಿಗಳನ್ನೆಳೆದವು ಕುದುರೆಗಳು; ಕಲ್ಲಿದ್ದಲು ಈ ಕಡೆಗೆ ಬಂದಿತು, ಕಲ್ಲೂ ಧಾನ್ಯವೂ ಆ ಕಡೆಗೆ ಹೋದವು. ೧೮೫೩ ರಲ್ಲಿ ಆಕ್ಸ್‌ಫರ್ಡ್-ವುರ್ಸ್ಟರ್ ರೈಲುಮಾರ್ಗವು ಊರನ್ನು ತಲುಪಿತು. ಕುದುರೆಯ ಹಳಿದಾರಿಯು ಕಾಲಾಂತರದಲ್ಲಿ ಕಣ್ಮರೆಯಾಯಿತು. ಭಾರಿಯ ಬಂಡವಾಳದಿಂದ ಹಾಕಿದ ದಾರಿಯು ನೂರು ವರ್ಷ ಬಾಳಲಾರದೆ ಹೋಗಿ, ಕಾಸು ಖರ್ಚಿಲ್ಲದೆ ಹುಟ್ಟಿದ ಕಾಲುದಾರಿಯು ಶತಮಾನಗಳ ಕಾಲ ಬಾಳಿದುದು ಗಮನಿಸತಕ್ಕ ಅಂಶ.

೩. ನೇಗಿಲಸಾಲುಗಳ ಸಾಕ್ಷ್ಯ

ಮೋರ್ಟನ್ನಿನ ಪಶ್ಚಿಮಕ್ಕೆ ದಾರಿಯು ಜೇಡಿಮಣ್ಣಿನ ತಗ್ಗುಭೂಮಿಯಲ್ಲಿ ಹುಲ್ಲುಗಾವಲುಗಳನ್ನು ಹಾಯುತ್ತದೆ. ಈ ಸೀಮೆಯ ಗಾವಲುಗಳಲ್ಲಿ, ಮುಖ್ಯವಾಗಿ ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ, ನೆಲವು ಅಲೆಅಲೆಯಾಗಿ ಏರಿಳಿದು ಕಾಣುವುದು. ಇವು ಮಧ್ಯಯುಗದ ಉಳುಮೆಯ ದಿಂಡುಗಳು. ಆ ಕಾಲದಲ್ಲಿ ಊರಿನ ಸಾಗುವಳಿ ಭೂಮಿಯು ಬೇಲಿಯಿಲ್ಲದ ಎರಡು ಮೂರು ಮಹಾಕ್ಷೇತ್ರಗಳಾಗಿದ್ದು, ಒಬ್ಬೊಬ್ಬ ಒಕ್ಕಲಿಗನಿಗೆ ಅವುಗಳಲ್ಲಿ ಅಲ್ಲಲ್ಲಿ ಹಂಚಿದ ಪಟ್ಟಿಗಳಿರುತ್ತಿದ್ದವು. ಭಾರವಾದ ನೇಗಿಲಿಗೆ ಹಲವು ಜೊತೆ ಎತ್ತುಗಳನ್ನು ಹೂಡುತ್ತಿದ್ದುದರಿಂದ, ಪಟ್ಟಿಯ ಕೊನೆಯಲ್ಲಿ ಅವನ್ನು ತಿರುಗಿಸಲು ಮುಂಚಿತವಾಗಿಯೇ ಓರೆಹೋಗಬೇಕಾಗುತ್ತಿದ್ದಿತು. ಆದುದರಿಂದಲೇ ದಿಂಡುಗಳು ನೆಟ್ಟಗಿರದೆ ಎರಡು ತುದಿಗಳಲ್ಲಿ ಬೇರೆಬೇರೆ ಕಡೆಗೆ ಮೆಲ್ಲಗೆ ಬಾಗಿರುತ್ತವೆ. ನೂರಾರು ವರ್ಷ ಒಂದೇ ಪಟ್ಟಿಯ ಮಣ್ಣನ್ನು ಒಳಗಡೆಗೇ ಮಗುಚುತ್ತ ಬಂದುದರಿಂದ ನಡುವು ಉಬ್ಬಿ, ಅಂಚು ತಗ್ಗಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಷ್ಟು ಹಿಂದಿನ ಉಳುಮೆಯ ಗುರುತು ಈಗಲೂ ಏಕೆ ಅಳಿಯದೆ ಉಳಿದಿದೆ? ಉತ್ತರವು ಸರಳವಾದರೂ ಕಠಿಣವಾದುದು: ಆ ನೆಲವನ್ನು ಉಳುವುದು ನಿಂತುಹೋಯಿತು. ಹೊಲವು ಹುಲ್ಲಾಯಿತು, ಒಕ್ಕಲಿಗನ ಎಡೆಗೆ ಕುರಿ ಬಂದಿತು. ಕಾಟ್ಸ್‌ವೋಲ್ಡಿನ ಉಣ್ಣೆಯು ಮಧ್ಯಯುಗದಲ್ಲಿ ಫ್ಲಾಂಡರ್ಸ್, ಇಟಲಿಗಳವರೆಗೂ ಹೆಸರುವಾಸಿಯಾಗಿದ್ದಿತು. ಹತ್ತು ಮಂದಿ ಉಳುತ್ತಿದ್ದ ನೆಲವನ್ನು ಕಾಯುವುದಕ್ಕೆ ಒಬ್ಬ ಕುರುಬನು ಸಾಕಾದನು. ಹೀಗೆ ನೇಗಿಲಸಾಲಿನ ಉಳಿವೇ ನೇಗಿಲಿನ ಅಳಿವಿಗೆ ಸಾಕ್ಷಿಯಾಗಿರುವುದು.

ಇದಾದ ಮೇಲೆ ಬಂದುದು ಪಾರ್ಲಿಮೆಂಟಿನ ಶಾಸನಗಳ ಮೂಲಕ ನಡೆದ ಬೇಲಿಹಾಕುವ ಕಾರ್ಯ. ೧೬೦೪ ರಿಂದ ೧೯೧೪ ರ ವರೆಗೆ ಇಂತಹ ೫,೨೦೦ ಕ್ಕೂ ಹೆಚ್ಚು ಶಾಸನಗಳಾದವು; ಅವುಗಳಿಂದ ಸುಮಾರು ೬೮ ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಪಾಲಿಗೂ ತುಸು ಹೆಚ್ಚು ನೆಲವು, ಪೂರ್ವದ ಹಂಚಿಕೆಯನ್ನು ಕಳೆದುಕೊಂಡು ಪ್ರತ್ಯೇಕ ಒಡೆತನಕ್ಕೆ ಸೇರಿತು. ಈಗ ಕಾಣುವ ನೇರವಾದ ಬೇಲಿಸಾಲುಗಳೂ ಕಲ್ಲುಗೋಡೆಗಳೂ ಬಹುಮಟ್ಟಿಗೆ ಆ ಕಾಲದ ಭೂಮಾಪಕರ ಗೀಟುಗಳು. ಕಾಲುದಾರಿಯಾದರೋ ಈ ಗೀಟುಗಳನ್ನು ಲೆಕ್ಕಿಸದೆ ಕೆಲವೆಡೆ ಗದ್ದೆಯ ನಡುವೆ ಅಡ್ಡಹಾಯುವುದು. ಬೇಲಿಯು ದಾರಿಗಿಂತ ಹೊಸದೆಂದು ಅಂತಹ ಕಡೆ ಊಹಿಸಲು ಅವಕಾಶವುಂಟು; ಬೇಲಿಯೇ ಮೊದಲಿನದಾಗಿದ್ದರೆ ದಾರಿಯು ಅದರ ಮಗ್ಗುಲನ್ನು ಹಿಡಿದು ಹೋಗುತ್ತಿದ್ದಿತು. ಅಡ್ಡಬಂದ ಬೇಲಿಯನ್ನು ದಾಟಲು ಹಾಕಿರುವ ಮರದ ಹತ್ತುಮೆಟ್ಟಲೂ, ಒಬ್ಬೊಬ್ಬರೇ ನುಸುಳುವ ತಿರುಗುಬಾಗಿಲೂ ಒಡೆಯನಿಗೂ ದಾರಿಗನಿಗೂ ಆದ ಒಪ್ಪಂದದ ಗುರುತುಗಳು.

೪. ಬೂರ್ಟನ್ನಿನ ಕೊಳಗ

ತಗ್ಗಿನಿಂದ ದಿಣ್ಣೆಯನ್ನೇರಿದರೆ ಬೂರ್ಟನ್-ಆನ್-ದಿ-ಹಿಲ್. ಇಲ್ಲಿಯ ಸಂತ ಲಾರೆನ್ಸನ ದೇವಾಲಯದಲ್ಲಿ ನಾರ್ಮನರ ಕಾಲದ ದಪ್ಪ ಕಂಬಗಳಿವೆ. ಊರಿನ ಹಿರಿಯ ಮನೆಯ ಕಣಜದ ಕಟ್ಟಡದ ಮೇಲೆ ೧೫೭೦ ಎಂಬ ವರ್ಷವಿದೆ. ಆದರೆ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳವು ದೇವಾಲಯದಲ್ಲಿ ಕಾಪಾಡಿರುವ ಎರಡು ಲೋಹದ ಅಳತೆಪಾತ್ರೆಗಳು. ೧೮೧೬ ನೆಯ ವರ್ಷದ ಇವು ವಿಂಚೆಸ್ಟರ್ ಮಾನದ ಬುಶೆಲ್ ಮತ್ತು ಪೆಕ್. ಧಾನ್ಯದ ಅಳತೆಯಲ್ಲಿ ವ್ಯಾಜ್ಯ ಬಂದಾಗ ನ್ಯಾಯಾಧಿಕಾರಿಗಳು ಇವುಗಳಿಂದ ಅಳೆಯಿಸಿ ತೀರ್ಮಾನಿಸುತ್ತಿದ್ದರು.

೧೮೨೪ ರ ಶಾಸನದಂತೆ ೧೮೨೬ ರಿಂದ ಇಂಪೀರಿಯಲ್ ಮಾನವು ಜಾರಿಗೆ ಬಂದಿತು. ವಿಂಚೆಸ್ಟರ್ ಬುಶೆಲ್ಲಿನಲ್ಲಿ ಸುಮಾರು ೨,೧೫೦ ಘನ ಅಂಗುಲ ಹಿಡಿದರೆ ಹೊಸ ಬುಶೆಲ್ಲಿನಲ್ಲಿ ಸುಮಾರು ೨,೨೧೮ ಹಿಡಿಯುವುದು. ಎಂದರೆ ನೂರಕ್ಕೆ ಮೂರರಷ್ಟು ಹೆಚ್ಚು. ಗೇಣಿಯನ್ನು ಬುಶೆಲ್ಲಿನ ಲೆಕ್ಕದಲ್ಲಿ ಅಳೆಯುವವನಿಗೆ ಈ ಮೂರು ಪಾಲು ಅಲ್ಪವಲ್ಲ. ಕೊಳಗದ ಹೆಚ್ಚುಕಡಮೆಗಾಗಿ ನಮ್ಮ ಹಳ್ಳಿಗಳಲ್ಲಿ ನಡೆದ ಜಗಳಗಳನ್ನು ನೆನೆದವರಿಗೆ ಅಳತೆಯ ಪಾತ್ರೆಯನ್ನು ದೇವರ ಗುಡಿಯಲ್ಲಿ ಇಟ್ಟುದೇಕೆಂಬುದನ್ನು ವಿವರಿಸಬೇಕಾಗಿಲ್ಲ. ಸಾರ್ವಜನಿಕವಾದ ಹಕ್ಕಿಗೆ ಎಲ್ಲರೂ ಕಾಣಬಹುದಾದ ಒಂದು ಆಧಾರವು ಬೇಕು. ಈ ಮಾತು ಅಳತೆಗೆ ಹೇಗೋ ದಾರಿಗೂ ಹಾಗೆಯೇ ಅನ್ವಯಿಸುವುದೆಂಬುದು ಮುಂದೆ ವ್ಯಕ್ತವಾಗುವುದು.

೫. ಸೀಜಿನ್‌ಕೋಟ್: ನಂದಿಗಳ ಸೇತುವೆ

ಬೂರ್ಟನ್ನಿನಿಂದ ದಕ್ಷಿಣಕ್ಕೆ ತಿರುಗಿದ ದಾರಿಯು ದೊಡ್ಡ ಓಕ್ ಮರಗಳುಳ್ಳ ಉಪವನವೊಂದನ್ನು ಹೊಗುವುದು. ಎಡಬಲದಲ್ಲಿ ಕುರಿಗಳು ಮೇಯುತ್ತಿರುತ್ತವೆ. ಇಳಿಜಾರಿನ ಮರಗಳ ಸಂದಿಯಲ್ಲಿ ಒಮ್ಮೆಗೇ ಹಸುರುಗಟ್ಟಿದ ತಾಮ್ರದ ಗುಮ್ಮಟವೂ, ಮುಂಚಾಚಿದ ಅಗಲವಾದ ಛಜ್ಜೆಯೂ, ಮೂಲೆಗಳಲ್ಲಿ ಚಿಕ್ಕ ಛತ್ರಿಗಳೂ, ನವಿಲಗರಿಯಂತೆ ಕಮಾನು ಬಿಡಿಸಿದ ಕಿಟಕಿಗಳೂ ಉಳ್ಳ ಒಂದು ಸೌಧವು ತೋರುತ್ತದೆ. ಇದೇ ಸೀಜಿನ್‌ಕೋಟ್. ಇಂಗ್ಲೆಂಡಿನ ಜೇನುಬಣ್ಣದ ಕಲ್ಲಿನಲ್ಲಿ ಹಿಂದೂಸ್ಥಾನದ ವಾಸ್ತುವನ್ನು ತಳೆದ ಇಂತಹ ಗ್ರಾಮಸೌಧವು ಆ ದೇಶದಲ್ಲಿ ಬೇರೊಂದಿಲ್ಲ.

ಇದರ ವೃತ್ತಾಂತವು ಹೀಗೆ. ಕರ್ನಲ್ ಜಾನ್ ಕಾಕರೆಲ್ ಎಂಬ ಕಂಪೆನಿಯ ಸೇನಾಧಿಕಾರಿಯು ಭಾರತದಿಂದ ಹಿಂದಿರುಗಿ ೧೭೯೫ ರಲ್ಲಿ ಈ ಜಹಗೀರನ್ನು ಕೊಂಡನು. ೧೭೯೮ ರಲ್ಲಿ ತೀರಿಕೊಂಡನು. ತಮ್ಮನಾದ ಚಾರ್ಲ್ಸ್ ಕಾಕರೆಲ್ಲನಿಗೆ ಆಸ್ತಿಯು ಬಂದಿತು. ಚಾರ್ಲ್ಸನು ೧೭೭೬ ರಲ್ಲಿ ಬಂಗಾಳದಲ್ಲಿ ಕಂಪೆನಿಯ ಗುಮಾಸ್ತನಾಗಿ ಸೇರಿ, ಕಲ್ಕತ್ತೆಯಲ್ಲಿ ಅಂಚೆಯ ಮುಖ್ಯಾಧಿಕಾರಿಯಾಗಿದ್ದು, ವಿಲಿಯಂ ಪ್ಯಾಕ್ಸ್‌ಟನ್ನನೊಡನೆ ಲೇವಾದೇವಿಯ ಕೋಠಿಯಲ್ಲಿ ಪಾಲುಗಾರನಾಗಿ ಐಶ್ವರ್ಯವನ್ನು ಗಳಿಸಿದವನು. ಕಂಪೆನಿಯ ನೌಕರರು ಈ ದೇಶದಲ್ಲಿ ಸಂಪಾದಿಸಿದ ಹಣವನ್ನು ಸ್ವದೇಶಕ್ಕೆ ಸಾಗಿಸುವುದೇ ಇಂತಹ ಕೋಠಿಗಳ ಒಂದು ಮುಖ್ಯ ವ್ಯಾಪಾರ. ಇಂತಹ ಹೊಸ ಸಿರಿವಂತರನ್ನು ಅವರ ದೇಶದವರು ಹಾಸ್ಯವಾಗಿ ನಬಾಬರೆಂದು ಕರೆಯುತ್ತಿದ್ದರು. ಚಾರ್ಲ್ಸನು ೧೮೦೯ ರಲ್ಲಿ ಬ್ಯಾರೊನೆಟ್ ಪದವಿಯನ್ನು ಪಡೆದನು. ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದು ೧೮೩೭ ರಲ್ಲಿ ಮೃತನಾದನು.

ಸೌಧವನ್ನು ಸುಮಾರು ೧೮೦೫ ರಲ್ಲಿ ವಿನ್ಯಾಸಗೊಳಿಸಿದವನು ಮತ್ತೊಬ್ಬ ಸೋದರನಾದ ಸ್ಯಾಮ್ಯುಯಲ್ ಪೆಪಿಸ್ ಕಾಕರೆಲ್. ಇದಕ್ಕೆ ಮುಂಚೆ ಇವನು, ಇಲ್ಲಿಂದ ಕೆಲವೇ ಮೈಲಿ ದೂರದ ಡೇಲ್ಸ್‌ಫರ್ಡಿನಲ್ಲಿ ವಾರನ್ ಹೇಸ್ಟಿಂಗ್ಸನಿಗೆ ಮನೆಯನ್ನು ಕಟ್ಟಿಕೊಟ್ಟಿದ್ದನು. ತನ್ನ ಪೂರ್ವಿಕರು ಕಳೆದುಕೊಂಡಿದ್ದ ಆ ಜಹಗೀರನ್ನು ಹೇಸ್ಟಿಂಗ್ಸನು ೧೭೮೮ ರಲ್ಲಿ ಮರಳಿ ಕೊಂಡನು. ಅದೇ ವರ್ಷ ಪಾರ್ಲಿಮೆಂಟಿನ ಮುಂದೆ ಅವನ ವಿಚಾರಣೆಯು ಮೊದಲಾಗಿ ೧೭೯೫ ರಲ್ಲಿ ಬಿಡುಗಡೆಯಾಯಿತು. ೧೮೧೮ ರಲ್ಲಿ ಅವನು ಸತ್ತು ಡೇಲ್ಸ್‌ಫರ್ಡಿನ ದೇವಾಲಯದ ಬಳಿಯೇ ಮಣ್ಣಾದನು. ಹೀಗೆ ಇಂಗ್ಲೆಂಡಿನ ಒಂದು ಮೂಲೆಯ ನಾಲ್ಕಾರು ಮೈಲಿಗಳೊಳಗೆ ಬಂಗಾಳದ ಹಣವು ಎರಡು ಸೌಧಗಳಾಗಿ ನಿಂತಿತು.

ಸೀಜಿನ್‌ಕೋಟಿನ ಭಾರತೀಯತೆಗೆ ಆಧಾರವಾದವನು ಚಿತ್ರಕಾರನಾದ ಥಾಮಸ್ ಡೇನಿಯಲ್. ಅವನೂ ಅವನ ಅಣ್ಣನ ಮಗನಾದ ವಿಲಿಯಮನೂ ೧೭೮೬ ರಲ್ಲಿ ಕಲ್ಕತ್ತೆಗೆ ಬಂದು ಏಳು ವರ್ಷಗಳ ಕಾಲ ಭಾರತವನ್ನು ಸುತ್ತಿದರು. ಕನ್ನಡಿಗರಿಗೆ ಇವರಲ್ಲಿ ಒಂದು ವಿಶೇಷ ಸಂಬಂಧವುಂಟು. ೧೭೯೨ ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಕೌಲಿನಿಂದ ಮೂರನೆಯ ಮೈಸೂರು ಯುದ್ಧವು ಮುಗಿದ ಬೆನ್ನಲ್ಲಿಯೇ ಈ ಇಬ್ಬರು ಮದರಾಸಿನಿಂದ ಹೊರಟು, ದಂಡು ನಡೆದಿದ್ದ ದಾರಿಯನ್ನು ಹಿಡಿದು, ಬಾರಾಮಹಲಿನ ಗಿರಿದುರ್ಗಗಳನ್ನೂ ರಾಯಕೋಟೆ, ಹೊಸೂರುಗಳನ್ನೂ ಚಿತ್ರಿಸಿಕೊಂಡರು. ೧೭೯೫ ರಿಂದ ೧೮೦೮ ರ ವರೆಗೆ ಬಿಡಿಬಿಡಿಯಾಗಿ ಹೊರಬಿದ್ದ ಅವರ ೧೪೪ ಮುದ್ರಿತ ಚಿತ್ರಗಳ ಮಾಲಿಕೆಯಲ್ಲಿ ಈ ಸೀಮೆಯ ಚಿತ್ರಗಳೂ ಸೇರಿವೆ. ಭಾರತದ ಕಟ್ಟಡಗಳ ನಿಖರವಾದ ರೂಪವು ಇಂಗ್ಲಿಷ್ ವಾಸ್ತುಕಾರರ ಕೈಗೆ ದೊರೆತುದು ಮುಖ್ಯವಾಗಿ ಈ ಮಾಲಿಕೆಯಿಂದ.

ತೋಟದ ಕಟ್ಟಡಗಳಲ್ಲಿ ಡೇನಿಯಲ್ಲನ ಕೈ ಸ್ಪಷ್ಟವಾಗಿದೆ. ತೊರೆಯ ಮೇಲಣ ಸೇತುವೆಯ ಕಂಬಗಳಿಗೆ ಎಲಿಫೆಂಟಾ ಗುಹೆಗಳ ಕಂಬಗಳು ಮಾದರಿ. ಸೇತುವೆಯ ಕೈಪಿಡಿಗೋಡೆಯ ಮೇಲೆ ನಂದಿಗಳು ಮಲಗಿವೆ. ಮೇಲ್ಗಡೆ ಕೊಳದ ತಲೆಯಲ್ಲಿ ಸೂರ್ಯನ ಗುಡಿಯಿದ್ದು, ಒಳಗಿನ ಮೂರ್ತಿಯು ಲಂಡನ್ನಿನಲ್ಲಿ ಎರಕಹೊಯ್ದ ಕೃತಕಶಿಲೆಯದು. ಕೆಳಗಿನ ಕೊಳದಲ್ಲಿ ಕೊರಡನ್ನು ಸುತ್ತಿದ ಸರ್ಪವಿದೆ. ನಮ್ಮ ಕಡೆಯವನು ಇವನ್ನು ಕಂಡರೆ ಮೊದಲು ಪರಿಚಯದ ಸಂತೋಷವೂ ಒಡನೆಯೇ ಒಂದು ಬೆರಗೂ ಹುಟ್ಟುವುದು ಸಹಜ. ನಂದಿಯುಂಟು, ಅದರ ಮುಂದೆ ಲಿಂಗವಿಲ್ಲ, ಗುಡಿಯುಂಟು, ಪೂಜೆಯಿಲ್ಲ, ಗುಮ್ಮಟವುಂಟು, ಅದರ ಕೆಳಗೆ ಗೋರಿಯೂ ಇಲ್ಲ, ಮಸೀದಿಯೂ ಇಲ್ಲ. ಮನೆಯ ಒಳಭಾಗದ ಕೋಣೆಗಳಾದರೋ ಪೂರ್ತಿಯಾಗಿ ಗ್ರೀಕ್-ರೋಮನ್ ಶೈಲಿಯವು. ಭಾರತವು ಇಲ್ಲಿ ಒಂದು ಹೊರಮೈ ಮಾತ್ರ. ಡೇನಿಯಲ್ಲನು ಕಣ್ಣಾರೆ ಕಂಡುದನ್ನು ಪ್ರಾಮಾಣಿಕವಾಗಿ ಬರೆದವನೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೂಪವು ಸಮುದ್ರವನ್ನು ದಾಟಬಲ್ಲುದು, ಅದರ ಅರ್ಥವು ಅಷ್ಟು ಸುಲಭವಾಗಿ ದಾಟದು.

೧೮೦೭ ರಲ್ಲಿ ಆಗಿನ ಯುವರಾಜನು ಇಲ್ಲಿಗೆ ಬಂದು ಮೆಚ್ಚಿಹೋದನು. ಬ್ರೈಟನ್ನಿನಲ್ಲಿ ಅವನಿಗಾಗಿ ಜಾನ್ ನ್ಯಾಶನು ೧೮೧೫ ರಿಂದ ಕಟ್ಟಿದ ಅರಮನೆಯ ಗುಮ್ಮಟಗಳಿಗೆ ಸೀಜಿನ್‌ಕೋಟೇ ಮೂಲವೆಂದು ಹಲವರು ಬರೆಯುವುದುಂಟು. ಈ ಮಾತನ್ನು ತುಸು ಮಿತಗೊಳಿಸಬೇಕು. ಏಕೆಂದರೆ ಬ್ರೈಟನ್ನಿನಲ್ಲಿ ವಿಲಿಯಂ ಪೋರ್ಡನ್ನನು ಭಾರತೀಯ ರೀತಿಯ ಕುದುರೆಲಾಯವನ್ನು ೧೮೦೩ ರಲ್ಲಿಯೇ ಆರಂಭಿಸಿದ್ದನು. ಸೀಜಿನ್‌ಕೋಟು ಯುವರಾಜನ ಅಭಿರುಚಿಯನ್ನು ದೃಢಪಡಿಸಿತೆಂದು ಹೇಳಿದರೆ ಸಾಕು.

ಈ ಸೌಧಕ್ಕಿಂತ ಹಿಂದೆ ಇಲ್ಲಿ ಸೀಜಿನ್‌ಕೋಟ್ ಎಂಬ ಹಳ್ಳಿಯಿದ್ದಿತು. ೧೦೮೬ ರ ಡೂಮ್ಸ್‌ಡೇ ಕಡತದಲ್ಲಿ ಅದರ ಹೆಸರಿದೆ. ಆ ಹಳ್ಳಿಯು ಕಾಕರೆಲ್ಲರು ಬರುವುದಕ್ಕೆ ಬಹುಕಾಲದ ಹಿಂದೆಯೇ ಬರಿದಾಯಿತು. ಅದನ್ನು ಬರಿದುಮಾಡಿದವರು ಅವರಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಜನರು ಹೋದರು, ಹೆಸರು ಉಳಿಯಿತು. ಹೆಸರು ಮೊದಲು ಜಹಗೀರಿಗೂ ಆಮೇಲೆ ಗುಮ್ಮಟದ ಸೌಧಕ್ಕೂ ಅಂಟಿಕೊಂಡಿತು. ಬೂರ್ಟನ್ನಿನಿಂದ ಲಾಂಗ್‌ಬರೋವಿಗೆ ಹೋಗುವ ಕಾಲುದಾರಿಯು ಈ ನಿರ್ಜನವಾದ ಎಡೆಯನ್ನೇ ಹಾಯುವುದನ್ನು ನೋಡಿದರೆ, ಅದು ಮೂರು ಊರುಗಳನ್ನು ಕೂಡಿಸುತ್ತಿದ್ದ ಹಳೆಯ ದಾರಿಯ ಶೇಷವಾಗಿರಬೇಕೆಂದು ಊಹಿಸುವುದು ಅಸಂಗತವಾಗದು.

೬. ಡಾನಿಂಗ್ಟನ್ನಿನ ದಿಣ್ಣೆ

ಲಾಂಗ್‌ಬರೋ ಹಳ್ಳಿಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಡಾನಿಂಗ್ಟನ್. ೧೬೪೨ ರಲ್ಲಿ ಅರಸನಾದ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಆರಂಭವಾದ ಅಂತರ್ಯುದ್ಧದ ಮೊದಲ ಘಟ್ಟದ ಕೊನೆಯ ದೊಡ್ಡ ಕಾಳಗವು ೧೬೪೬ ರ ಮಾರ್ಚಿ ೨೧ ರಂದು ಈ ಪರಿಸರದಲ್ಲಿ ನಡೆಯಿತು. ಅರಸನು ಆಕ್ಸ್‌ಫರ್ಡಿನಲ್ಲಿ ಸೈನ್ಯವಿಲ್ಲದೆ ಕುಳಿತಿದ್ದನು. ಅರುವತ್ತೈದನ್ನು ಮೀರಿದ ವೃದ್ಧಯೋಧನಾದ ಜೇಕಬ್ ಆಸ್ಟ್ಲಿಯು ಪಶ್ಚಿಮದ ಕಡೆಯಲ್ಲಿ ಸುಮಾರು ಮೂರು ಸಾವಿರ ಮಂದಿಯನ್ನು ಹೇಗೋ ಕೂಡಿಸಿ ಅವನ ಬಳಿಗೆ ನಡೆಸಿಕೊಂಡು ಬರುತ್ತಿದ್ದನು. ಥಾಮಸ್ ಮಾರ್ಗನ್ನನೂ ವಿಲಿಯಂ ಬ್ರೆರೆಟನ್ನನೂ ಪಾರ್ಲಿಮೆಂಟಿನ ಪಡೆಗಳೊಡನೆ ಬೆನ್ನಟ್ಟಿ ಬಂದು ಬೆಳಗಾಗುವ ಮೊದಲೇ ದಿಣ್ಣೆಯನ್ನೇರಿ ಮೇಲೆಬಿದ್ದರು. ಆಸ್ಟ್ಲಿಯ ಕಾಲಾಳುಗಳು ಮೊದಲ ಆಘಾತವನ್ನು ತಡೆದರು. ಆದರೆ ಕುದುರೆಯ ದಳವು ಮುರಿಯಲು ಉಳಿದವರು ಸ್ಟೋ ಪೇಟೆಯ ಚೌಕದವರೆಗೂ ಹಿಮ್ಮೆಟ್ಟಿ ಅಲ್ಲಿ ಶರಣಾದರು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕಿದರು. ಅವರನ್ನು ಸಂತ ಎಡ್ವರ್ಡನ ದೇವಾಲಯದಲ್ಲಿ ಕೂಡಿಹಾಕಿದರು. ಅರಸನಿಗೆ ಬಯಲಲ್ಲಿ ನಿಲ್ಲುವ ಸೈನ್ಯವು ಇನ್ನಿರಲಿಲ್ಲ; ಎರಡು ತಿಂಗಳೊಳಗಾಗಿ ಅವನು ವೇಷಮರೆಸಿಕೊಂಡು ಆಕ್ಸ್‌ಫರ್ಡನ್ನು ಬಿಟ್ಟು ಸ್ಕಾಟರ ಕೈಸೇರಿದನು. ೧೯೯೫ ರಲ್ಲಿ ಈ ಎಡೆಯನ್ನು ಇಂಗ್ಲೆಂಡಿನ ರಣಭೂಮಿಗಳ ಪಟ್ಟಿಯಲ್ಲಿ ದಾಖಲೆಮಾಡಿದರು.

ಸ್ಟೋವಿನ ಡಿಗ್‌ಬೆತ್ ಎಂಬ ಇಳಿಜಾರು ಬೀದಿಯಲ್ಲಿ ಬಾತುಗಳು ಮೀಯುವಷ್ಟು ನೆತ್ತರು ಹರಿಯಿತೆಂದೂ, ಆದುದರಿಂದ ಆ ಹೆಸರಾಯಿತೆಂದೂ ಜನರು ಹೇಳುವುದುಂಟು. ಬರ್ಮಿಂಗ್‌ಹ್ಯಾಮಿನಲ್ಲಿಯೂ ಅದೇ ಹೆಸರಿನ ಬೀದಿಯಿರುವುದರಿಂದ ಈ ನಿರುಕ್ತಿಯು ನಿಲ್ಲದು. ಆದರೂ ಜನರ ನೆನಪು ಆ ದಿನವನ್ನು ಬಿಟ್ಟುಕೊಡಲೊಲ್ಲದೆ ಹೆಸರಿನೊಳಗೆ ಅಡಗಿಸಿಟ್ಟುದು ತಾನೇ ಒಂದು ಚಾರಿತ್ರಿಕ ಸಂಗತಿ.

ಸೋತ ಅರಸನ ಮಗನೂ ಇತ್ತಲೇ ಹಾದುಹೋದನು. ೧೬೫೧ ರ ಸೆಪ್ಟೆಂಬರ್ ೩ ರಂದು ವುರ್ಸ್ಟರಿನಲ್ಲಿ ಸೋತ ಎರಡನೆಯ ಚಾರ್ಲ್ಸನು ಆಳಿನ ವೇಷದಲ್ಲಿ ಜೇನ್ ಲೇನ್ ಎಂಬ ಹೆಣ್ಣುಮಗಳೊಡನೆ ಸ್ಟೋವಿನ ಮಾರ್ಗವಾಗಿ ಸೈರನ್‌ಸೆಸ್ಟರಿಗೆ ತಪ್ಪಿಸಿಕೊಂಡುಹೋದನು. ಅವನು ಪಲಾಯನಗೈದ ಜಾಡನ್ನು ಅನುಸರಿಸಿ ಗುರುತುಮಾಡಿರುವ ದೀರ್ಘವಾದ ನಡೆದಾರಿಯ ಒಂದು ಭಾಗವು ಈಗ ಲಾಂಗ್‌ಬರೋ, ಡಾನಿಂಗ್ಟನ್, ಸ್ಟೋಗಳನ್ನು ಹಾಯುತ್ತದೆ.

೭. ಸ್ಟೋ

ಸ್ಟೋ ಊರು ಸುಮಾರು ೮೦೦ ಅಡಿ ಎತ್ತರದ ದಿಣ್ಣೆಯ ನೆತ್ತಿಯಲ್ಲಿದೆ. ಒಂದನೆಯ ಹೆನ್ರಿ ಅರಸನು ೧೧೦೭ ರಲ್ಲಿ ಈವ್‌ಶಾಮಿನ ಮಠಕ್ಕೆ ಇಲ್ಲಿ ಸಂತೆಯ ಹಕ್ಕನ್ನು ಕೊಟ್ಟನು. ಚೌಕಕ್ಕೆ ಸುತ್ತಣಿಂದ ಇಕ್ಕಟ್ಟಾದ ಓಣಿಗಳು ಬಂದು ಸೇರುತ್ತವೆ. ಕುರಿಗಳನ್ನು ಇವುಗಳ ಮೂಲಕ ಒಂದೊಂದಾಗಿ ಬಿಟ್ಟು ಎಣಿಸುತ್ತಿದ್ದರೆಂದು ಹೇಳುವರು. ಮೋರ್ಟನ್ನಿನಲ್ಲಿ ಮಠದವರು ದಾರಿಯನ್ನು ಅಗಲಿಸಿದರು, ಸ್ಟೋವಿನಲ್ಲಿ ದಾರಿಯನ್ನು ಇಕ್ಕಟ್ಟುಮಾಡಿದರು. ಎರಡರ ಫಲವೂ ಒಂದೇ, ಸಂತೆಯ ಲೆಕ್ಕವು ತಪ್ಪದಿರುವುದು. ೧೮ ನೆಯ ಶತಮಾನದ ಆದಿಯಲ್ಲಿ ಇಲ್ಲಿಯ ಒಂದು ಜಾತ್ರೆಯಲ್ಲಿ ೨೦,೦೦೦ ಕುರಿಗಳು ಮಾರಾಟವಾದುವೆಂದು ಡ್ಯಾನಿಯಲ್ ಡಿಫೋ ಹೇಳಿದನೆಂಬ ಪ್ರತೀತಿಯುಂಟು.

೮. ದಾರಿಯ ಹಕ್ಕು

ಈಗ ಮೊದಲಿನ ಪ್ರಶ್ನೆಗೆ ಬರಬಹುದು.

ದಾರಿಯು ಪುರಾತನವಾದುದರಿಂದ ಉಳಿಯಿತೆಂದು ಹೇಳುವುದು ಸಾಲದು. ಅದಕ್ಕಿಂತಲೂ ಪುರಾತನವಾದ ಸೀಜಿನ್‌ಕೋಟ್ ಹಳ್ಳಿಯು ಉಳಿಯಲಿಲ್ಲ. ಒಡೆಯರು ಉದಾರಿಗಳಾದುದರಿಂದ ಉಳಿಯಿತೆನ್ನುವುದೂ ಪೂರ್ಣವಾದ ಉತ್ತರವಲ್ಲ. ೧೮೧೫ ರ ಶಾಸನವೊಂದರಂತೆ ಇಬ್ಬರು ನ್ಯಾಯಾಧಿಕಾರಿಗಳು ಅನಾವಶ್ಯಕವೆಂದು ಬರೆದುಕೊಟ್ಟರೆ ಯಾವ ಕಾಲುದಾರಿಯನ್ನಾದರೂ ಮುಚ್ಚಿಸಬಹುದಾಗಿದ್ದಿತು. ಆ ಅಧಿಕಾರಿಗಳು ಬಹುಮಟ್ಟಿಗೆ ಆಯಾ ಸೀಮೆಯ ಜಮೀನುದಾರರೇ. ದೇಶದ ನಾನಾ ಭಾಗಗಳಲ್ಲಿ ಹೀಗೆ ದಾರಿಗಳು ಮುಚ್ಚಿಹೋದುವು. ಇದನ್ನು ಪ್ರತಿಭಟಿಸಿ ೧೮೨೪ ರಲ್ಲಿ ಯಾರ್ಕಿನಲ್ಲಿ ಪುರಾತನ ಕಾಲುದಾರಿಗಳ ರಕ್ಷಣೆಗೆ ಒಂದು ಸಂಘವು ಹುಟ್ಟಿತು; ೧೮೬೫ ರಲ್ಲಿ ಗೋಮಾಳಗಳ ರಕ್ಷಣೆಗೆ ಲಂಡನ್ನಿನಲ್ಲಿ ಮತ್ತೊಂದು ಏರ್ಪಟ್ಟಿತು.

ಆ ದೇಶದ ರೂಢಿಯ ನ್ಯಾಯದಲ್ಲಿ ಎರಡು ಸೂತ್ರಗಳಿವೆ. ಒಮ್ಮೆ ಸಾರ್ವಜನಿಕವಾದ ದಾರಿಯು, ಕ್ರಮಪ್ರಕಾರ ಮುಚ್ಚಿಸಿದ ಹೊರತು, ಎಂದೆಂದಿಗೂ ಸಾರ್ವಜನಿಕವೇ ಎಂಬುದು ಮೊದಲನೆಯದು. ಜನರು ಯಾರ ಅಪ್ಪಣೆಯನ್ನೂ ಬೇಡದೆ, ಬಲಾತ್ಕಾರವಿಲ್ಲದೆ, ಮರೆಮಾಚದೆ ದೀರ್ಘಕಾಲ ನಡೆದುದಾದರೆ ಒಡೆಯನು ಆ ದಾರಿಯನ್ನು ಅವರಿಗೆ ಬಿಟ್ಟುಕೊಟ್ಟನೆಂದು ಭಾವಿಸಬಹುದೆಂಬುದು ಎರಡನೆಯದು. ೧೯೩೨ ರ ಶಾಸನವು ಈ ದೀರ್ಘಕಾಲವನ್ನು ಸಾಮಾನ್ಯವಾಗಿ ೨೦ ವರ್ಷವೆಂದು ಗೊತ್ತುಮಾಡಿತು. ೧೯೪೯ ರ ಶಾಸನದಂತೆ ಪ್ರಾಂತಾಡಳಿತಗಳು ಕಾಲುದಾರಿಗಳನ್ನೆಲ್ಲ ಪರಿಶೀಲಿಸಿ ನಿರ್ಣಾಯಕವಾದ ನಕ್ಷೆಗಳಲ್ಲಿ ಬರೆಯತೊಡಗಿದವು. ನಕ್ಷೆಯಲ್ಲಿ ಗೀಟಿದ್ದರೆ ಅದೇ ಹಕ್ಕಿಗೆ ಪ್ರಮಾಣ. ಬೂರ್ಟನ್ನಿನ ಲೋಹದ ಕೊಳಗವು ಅಳತೆಗೆ ಮಾಡಿದ ಕೆಲಸವನ್ನು ಈ ನಕ್ಷೆಯು ದಾರಿಗೆ ಮಾಡಿತು. ಇಂಗ್ಲೆಂಡು-ವೇಲ್ಸ್‌ಗಳಲ್ಲಿ ಇಂತಹ ಹಕ್ಕಿನ ದಾರಿಗಳ ಮೊತ್ತವು ಸುಮಾರು ೧,೪೦,೦೦೦ ಮೈಲಿ.

ಆದರೆ ನಕ್ಷೆಯು ಎಲ್ಲವನ್ನೂ ಒಳಕೊಳ್ಳಲಿಲ್ಲ. ೨೦೦೦ ದ ಶಾಸನವೊಂದು, ೧೯೪೯ ಕ್ಕೆ ಹಿಂದಿನ ದಾರಿಗಳು ೨೦೨೬ ರೊಳಗೆ ನಕ್ಷೆಯಲ್ಲಿ ಸೇರದಿದ್ದರೆ ಅವುಗಳ ಹಕ್ಕು ಲುಪ್ತವಾಗತಕ್ಕದ್ದೆಂದು ವಿಧಿಸಿತು. ನಡೆಯುವವರ ಸಂಘಗಳು ಹಳೆಯ ನಕ್ಷೆಗಳನ್ನೂ ಬೇಲಿಹಾಕಿದ ಕಾಲದ ತೀರ್ಪುಗಳನ್ನೂ ಶೋಧಿಸಿ ಮರೆತ ದಾರಿಗಳನ್ನು ಹುಡುಕುವ ಕಾರ್ಯಕ್ಕೆ ಇಳಿದವು. ಅವಧಿಯು ಮೊದಲು ೨೦೩೧ ರ ವರೆಗೆ ಮುಂದುವರಿಯಿತು. ೨೦೨೪ ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರವು ಅವಧಿಯ ವಿಧಿಯನ್ನೇ ತೆಗೆದುಹಾಕುವುದಾಗಿ ಪ್ರಕಟಿಸಿತು. ಸಾವಿರ ವರ್ಷದ ದಾರಿಯೂ ಒಂದು ದಿನಾಂಕದಿಂದ ಅಳಿದುಹೋಗಬಹುದಾದುದನ್ನು ಇದರಿಂದ ತಿಳಿಯಬಹುದು.

೯. ಉಪಸಂಹಾರ

ಮೇಲೆ ನಿರೂಪಿಸಿದ ಸಂಗತಿಗಳಿಂದ ಒಂದು ತತ್ತ್ವವು ಫಲಿಸುವುದು. ಈ ದಾರಿಯ ಮಗ್ಗುಲಲ್ಲಿ ಕಾಣುವ ಉಳಿದ ಸ್ಮಾರಕಗಳೆಲ್ಲವೂ ಬಲವುಳ್ಳವರು ಮಾಡಿದವು. ಫಾಸ್ ಮಾರ್ಗವನ್ನು ಹಾಕಿದುದು ಸೈನ್ಯ; ಪೇಟೆಗಳನ್ನು ಕಟ್ಟಿದುದು ಮಠ; ಬೇಲಿಯನ್ನು ಹಾಕಿದುದು ಪಾರ್ಲಿಮೆಂಟು; ಗುಮ್ಮಟವನ್ನು ಎತ್ತಿದುದು ಬಂಗಾಳದ ಹಣ. ಅವರವರ ಹೆಸರುಗಳು ಅವರವರ ಕೃತಿಗಳ ಮೇಲೆ ಕೆತ್ತಿವೆ. ಹೆಸರಿಲ್ಲದವರು ಬಿಟ್ಟುಹೋದ ಕೃತಿಗಳು ಎರಡೇ: ಗಾವಲಿನಲ್ಲಿ ಉಬ್ಬಿದ ನೇಗಿಲಿನ ದಿಂಡು, ಮತ್ತು ಅದನ್ನು ಹಾಯುವ ಕಾಲುದಾರಿ. ಇವುಗಳಲ್ಲಿ ದಿಂಡು ಉಳಿದುದು ಉಳುವುದನ್ನು ಬಿಟ್ಟುದರಿಂದ; ದಾರಿ ಉಳಿದುದು ನಡೆಯುವುದನ್ನು ಬಿಡದುದರಿಂದ. ಒಂದು ಸತ್ತವರ ಗುರುತು, ಮತ್ತೊಂದು ಬದುಕಿರುವವರ ಹಕ್ಕು.

ಸೀಜಿನ್‌ಕೋಟಿನ ಉಪವನದಲ್ಲಿ ನಡೆಯುವವನು ಟಿಕೀಟನ್ನು ಕೊಳ್ಳಬೇಕಾಗಿಲ್ಲ, ಅಪ್ಪಣೆಯನ್ನು ಪಡೆಯಬೇಕಾಗಿಲ್ಲ. ನಂದಿಗಳ ಸೇತುವೆಯನ್ನೂ ಸೂರ್ಯನ ಗುಡಿಯನ್ನೂ ಹತ್ತಿರದಿಂದ ನೋಡುವುದಕ್ಕೆ ತೋಟದವರು ಗೊತ್ತುಮಾಡಿದ ದಿನಗಳಲ್ಲಿ ಹಣ ಕೊಟ್ಟು ಹೋಗಬೇಕು. ಕಾಲುದಾರಿಯಿಂದ ಗುಮ್ಮಟದ ಸೌಧವಷ್ಟೇ ಕಾಣುವುದು. ಆದರೆ ಆ ನೋಟವನ್ನು ಯಾರೂ ಕೊಟ್ಟುದಲ್ಲ. ಗೋಡೆಯಿಲ್ಲದಿದ್ದ ಕಾಲದಲ್ಲಿ ಬೂರ್ಟನ್ನಿನಿಂದ ಲಾಂಗ್‌ಬರೋವಿಗೆ ಧಾನ್ಯದ ಮೂಟೆಯನ್ನೋ, ಕೂಸನ್ನೋ, ಹೆಣವನ್ನೋ ಹೊತ್ತು ನಡೆದವರು ತಮ್ಮ ಕಾಲಿನಿಂದ ಬರೆದಿಟ್ಟ ಹಕ್ಕುಪತ್ರವದು. ಅದರ ಮೇಲೆ ಪ್ರತಿದಿನವೂ ಹೊಸದಾಗಿ ರುಜುವಾಗುತ್ತಿರಬೇಕು. ರುಜುಮಾಡುವ ಕ್ರಮವೂ ಒಂದೇ, ನಡೆಯುವುದು.